ಐವತ್ತರ ದಶಕದ ಆರ್ ಅಂಡ್ ಬಿ ನಂಬರ್ ಒನ್ ಹಾಡುಗಳನ್ನು ಬ್ಯಾಂಡ್‌ನಲ್ಲಿ ನುಡಿಸುವುದು ಹೇಗೆ

ಮೂರು ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗುಚ್ಛ), ಹನ್ನೆರಡು ಬಾರ್ (ನಾಲ್ಕು ಎಣಿಕೆಯ ಒಂದು ಆವರ್ತ), ಎರಡೂವರೆ ನಿಮಿಷ. 1950ರ ದಶಕದಲ್ಲಿ ಅಮೆರಿಕದ ಬಿಲ್‌ಬೋರ್ಡ್ ಪತ್ರಿಕೆಯ ರಿದಮ್ ಅಂಡ್ ಬ್ಲೂಸ್ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿದ ಎಷ್ಟೋ ಹಾಡುಗಳ ಹೊರಮೈ ಇಷ್ಟೇ. ಗಿಟಾರ್ ಬರುವವರು ಕಾರ್ಡ್‌ಗಳನ್ನು ಒಂದೇ ಸಂಜೆಯಲ್ಲಿ ಕಲಿತುಬಿಡುತ್ತಾರೆ. ಆಮೇಲೆ ಬ್ಯಾಂಡ್ ಕೂತು ನುಡಿಸಿದರೆ ಸ್ವರಗಳೆಲ್ಲ ಸರಿಯಿದ್ದೂ ಹಾಡು ಏಳುವುದೇ ಇಲ್ಲ. ಇದಕ್ಕೆ ಕಾರಣ ನಡೆ. ಒಂದೊಂದು ಎಣಿಕೆಯನ್ನು ಎರಡಾಗಿ ಒಡೆಯಬೇಕೋ ಮೂರಾಗಿ ಒಡೆಯಬೇಕೋ ಎನ್ನುವುದು ಆ ಹತ್ತು ವರ್ಷಗಳಲ್ಲಿ ಹಾಡಿನಿಂದ ಹಾಡಿಗೆ ಬದಲಾಗುತ್ತ ಹೋಯಿತು. ಕೆಲವು ರೆಕಾರ್ಡ್‌ಗಳಲ್ಲಂತೂ ಗಿಟಾರ್ ಎರಡಾಗಿ ಒಡೆಯುತ್ತಿದ್ದರೆ ಡ್ರಮ್ಸ್ ಮೂರಾಗಿ ಒಡೆಯುತ್ತಿರುತ್ತದೆ. ಯಾವ ಹಾಡಿನಲ್ಲಿ ಯಾವ ವಾದ್ಯ ಯಾವ ನಡೆಯಲ್ಲಿದೆ ಎಂದು ಮೊದಲು ಗೊತ್ತುಮಾಡಿಕೊಂಡರೆ ಅರ್ಧ ಕೆಲಸ ಮುಗಿದಂತೆ.

ಸರಿಯಾದ ರೆಕಾರ್ಡ್ ಹಿಡಿಯಿರಿ

ಮೊದಲು ಬೀಳುವ ಹಳ್ಳ ಇದು. ಆ ಕಾಲದ ಗಾಯಕರಲ್ಲಿ ಹಲವರು ತಮ್ಮ ಹಿಟ್ ಹಾಡುಗಳನ್ನು ಮುಂದೆ ಬೇರೆ ಕಂಪನಿಗಳಿಗೆ ಮತ್ತೆ ಹಾಡಿಕೊಟ್ಟಿದ್ದಾರೆ. ಲಿಟಲ್ ರಿಚರ್ಡ್ 1964ರ ಸುಮಾರಿಗೆ ವೀ-ಜೇ ಕಂಪನಿಗೆ ಹಾಡಿದರು, ಚಕ್ ಬೆರಿ 1966-67ರಲ್ಲಿ ಮರ್ಕ್ಯುರಿಗೆ ಹಾಡಿದರು. ಆ ಹೊತ್ತಿಗೆ ಡ್ರಮ್ಸ್ ನುಡಿಸುವ ರೀತಿಯೇ ಬದಲಾಗಿತ್ತು, ಹಳೆಯ ನಡೆ ಅಲ್ಲಿ ಸಿಗುವುದಿಲ್ಲ. ಸ್ಟ್ರೀಮಿಂಗ್ ಆ್ಯಪ್‌ನಲ್ಲಿ ಹೆಸರು ಹುಡುಕಿದರೆ ಹೆಚ್ಚಾಗಿ ಹೀಗೆ ಮತ್ತೆ ಹಾಡಿದ ರೆಕಾರ್ಡ್‌ಗಳೇ ಮೇಲೆ ಬರುತ್ತವೆ. ಲೇಬಲ್ ನೋಡಿಕೊಳ್ಳಿ: ಲಿಟಲ್ ರಿಚರ್ಡ್ ಮತ್ತು ಲಾಯ್ಡ್ ಪ್ರೈಸ್‌ಗೆ ಸ್ಪೆಷಾಲ್ಟಿ, ಫ್ಯಾಟ್ಸ್ ಡಾಮಿನೋಗೆ ಇಂಪೀರಿಯಲ್, ಬೆರಿಗೆ ಚೆಸ್, ಬೋ ಡಿಡ್ಲಿಗೆ ಚೆಕರ್, ಜೋ ಟರ್ನರ್ ಮತ್ತು ರೇ ಚಾರ್ಲ್ಸ್‌ಗೆ ಅಟ್ಲಾಂಟಿಕ್, ಬಿಲ್ ಡಾಗೆಟ್‌ಗೆ ಕಿಂಗ್. ದಶಕದ ಮೊದಲರ್ಧದ ಹಾಡೊಂದರಲ್ಲಿ ಡ್ರಮ್ಸ್ ಒಂದು ಕಿವಿಗೆ, ಗಿಟಾರ್ ಇನ್ನೊಂದು ಕಿವಿಗೆ ಬಂದರೆ ಅದು ಮೂಲವಲ್ಲ, ಮೂಲ ಮೋನೋದಲ್ಲಿದೆ, ಎರಡೂ ಕಿವಿಗೆ ಒಂದೇ ಸದ್ದು.

ಬಿಳಿಯ ಗಾಯಕರ ಕವರ್‌ಗಳಿಂದಲೂ, ಅಂದರೆ ಅದೇ ಹಾಡನ್ನು ಅವರು ಮತ್ತೆ ಹಾಡಿದ ರೆಕಾರ್ಡ್‌ಗಳಿಂದಲೂ ಕಲಿಯಬೇಡಿ. ‘ಏಂಟ್ ದಟ್ ಎ ಶೇಮ್’ 1955ರಲ್ಲಿ ಆರ್ ಅಂಡ್ ಬಿ ಪಟ್ಟಿಯ ತುದಿಗೇರಿದ್ದು ಫ್ಯಾಟ್ಸ್ ಡಾಮಿನೋ ದನಿಯಲ್ಲಿ. ಪಾಪ್ ಪಟ್ಟಿಯ ತುದಿಗೇರಿದ್ದು ಪ್ಯಾಟ್ ಬೂನ್ ದನಿಯಲ್ಲಿ. ಎರಡನ್ನೂ ಬೆನ್ನುಬೆನ್ನಿಗೆ ಕೇಳಿದರೆ ನಡೆಯ ವ್ಯತ್ಯಾಸ ತಾನಾಗಿ ತಿಳಿಯುತ್ತದೆ.

ಪಟ್ಟಿಗಳ ಬಗ್ಗೆ ಒಂದು ಮಾತು. ಬಿಲ್‌ಬೋರ್ಡ್ ಕಪ್ಪು ಜನರ ಸಂಗೀತದ ಪಟ್ಟಿಗಿದ್ದ ‘ರೇಸ್ ರೆಕಾರ್ಡ್ಸ್’ ಎಂಬ ಹೆಸರು ಬಿಟ್ಟು ‘ರಿದಮ್ ಅಂಡ್ ಬ್ಲೂಸ್’ ಎಂದು ಕರೆದದ್ದು 1949ರ ಜೂನ್‌ನಲ್ಲಿ. 1958ರ ಅಕ್ಟೋಬರ್‌ಗೆ ಮೊದಲು ಅಂಗಡಿ ಮಾರಾಟ, ಜ್ಯೂಕ್‌ಬಾಕ್ಸ್, ರೇಡಿಯೋ ಜಾಕಿ ಎಂದು ಬೇರೆಬೇರೆ ಪಟ್ಟಿಗಳಿದ್ದವು. ಹಾಗಾಗಿ ಒಂದೇ ಹಾಡು ‘ಎಷ್ಟು ವಾರ ನಂಬರ್ ಒನ್’ ಎಂಬುದಕ್ಕೆ ಎರಡು ಮೂರು ಲೆಕ್ಕ ಸಿಕ್ಕಿದರೆ ಗಾಬರಿಯಾಗಬೇಕಿಲ್ಲ.

ರೆಕಾರ್ಡ್ ಜತೆ ನುಡಿಸಲು ಕೂತಾಗ ಶ್ರುತಿ ಕೂಡದಿದ್ದರೆ ನಿಮ್ಮ ಗಿಟಾರನ್ನು ಬೈಯಬೇಡಿ. ಟೇಪ್ ವೇಗದ ಹೆಚ್ಚುಕಡಿಮೆಯಿಂದ ಹಲವು ರೆಕಾರ್ಡ್‌ಗಳು ಎರಡು ಸ್ಕೇಲ್‌ಗಳ ನಡುವೆ ಬಿದ್ದಿವೆ. ಶ್ರುತಿಯನ್ನೂ ವೇಗವನ್ನೂ ಬೇರೆಬೇರೆಯಾಗಿ ಬದಲಿಸಬಲ್ಲ ಆ್ಯಪ್ ಹಾಕಿಕೊಂಡು, ಶ್ರುತಿ ಸರಿಮಾಡಿ, ವೇಗವನ್ನು ಮುಕ್ಕಾಲಿಗೆ ಇಳಿಸಿ ಕೇಳಿ.

ವಾದ್ಯ ಮುಟ್ಟುವ ಮೊದಲು ಬಾಯಲ್ಲಿ

ಕೊನ್ನಕೋಲ್ (ಬಾಯಲ್ಲಿ ಹೇಳುವ ತಾಳದ ಸೊಲ್ಲು) ಕಿವಿಗೆ ಬಿದ್ದವರಿಗೆ ಇಲ್ಲೊಂದು ಅನುಕೂಲವಿದೆ. ಮೆಟ್ರೋನೋಮ್ 100ಕ್ಕೆ ಇಡಿ. ಕಾಲಿನಲ್ಲಿ ಎಣಿಕೆ ಹಾಕುತ್ತ ಪ್ರತಿ ಎಣಿಕೆಗೆ ‘ತಕಿಟ’ ಎನ್ನಿ. ಇದು ತಿಶ್ರ ನಡೆ, ಡಾಮಿನೋನ ನಿಧಾನದ ಹಾಡುಗಳ ಟ್ರಿಪ್ಲೆಟ್. ಈಗ ನಡುವಿನ ‘ಕಿ’ಯನ್ನು ಮನಸ್ಸಿನಲ್ಲೇ ಹೇಳಿ, ‘ತ’ ಮತ್ತು ‘ಟ’ ಮಾತ್ರ ಹೊರಗೆ ಬರಲಿ. ಇದು ಷಫಲ್. ಆಮೇಲೆ ಪ್ರತಿ ಎಣಿಕೆಗೆ ಸಮವಾಗಿ ‘ತಕ’ ಎನ್ನಿ. ಇದು ನೇರ ನಡೆ. ನಾಲ್ಕು ಬಾರ್ ತಕಿಟ, ನಾಲ್ಕು ಬಾರ್ ಷಫಲ್, ನಾಲ್ಕು ಬಾರ್ ತಕ, ಹೀಗೆ ಕಾಲಿನ ಎಣಿಕೆ ಕದಲದೆ ಬದಲಿಸುತ್ತ ಹೋಗಿ. ಎಲ್ಲರೂ ಒಟ್ಟಿಗೆ ಮಾಡಿ, ಹಾಡುವವರೂ ಸೇರಿ. ಜತೆಗೆ ಎರಡನೆಯ ಮತ್ತು ನಾಲ್ಕನೆಯ ಎಣಿಕೆಗೆ ಚಪ್ಪಾಳೆ. ನಮ್ಮಲ್ಲಿ ಕೈ ತಾನಾಗಿ ಸಮಕ್ಕೆ, ಅಂದರೆ ಒಂದನೆಯ ಎಣಿಕೆಗೆ ಬೀಳುತ್ತದೆ. ಆ ಅಭ್ಯಾಸ ತಪ್ಪಿಸದೆ ಮುಂದೆ ಹೋದರೆ ಪ್ರಯೋಜನವಿಲ್ಲ.

ಕೀಬೋರ್ಡಿನ ರೆಡಿಮೇಡ್ ಸ್ಟೈಲ್ ಅಥವಾ ರಿದಮ್ ಪ್ಯಾಡಿನ ಲೂಪ್ ಹಾಕಿಕೊಂಡು ಈ ಹಾಡುಗಳನ್ನು ನುಡಿಸಬೇಡಿ. ಲೂಪ್ ಎಲ್ಲ ವಾದ್ಯಗಳನ್ನೂ ಒಂದೇ ನಡೆಗೆ ಕಟ್ಟಿಹಾಕುತ್ತದೆ. ಈ ಸಂಗೀತದ ಜೀವ ಇರುವುದು ವಾದ್ಯಗಳು ಆ ನಡೆಯಿಂದ ಕೂದಲೆಳೆಯಷ್ಟು ಆಚೀಚೆ ಸರಿಯುವುದರಲ್ಲಿ.

ಷಫಲ್: ‘ಹಾಂಕಿ ಟಾಂಕ್’

1956ರಲ್ಲಿ ವಾರಗಟ್ಟಲೆ ಮೊದಲ ಸ್ಥಾನದಲ್ಲಿದ್ದ ಬಿಲ್ ಡಾಗೆಟ್‌ನ ‘ಹಾಂಕಿ ಟಾಂಕ್’ನಿಂದ ಶುರುಮಾಡಿ. ಮಾತಿಲ್ಲದ ವಾದ್ಯಸಂಗೀತವಾದ್ದರಿಂದ ಗಾಯಕರ ಹಿಂದೆ ಅಡಗಿಕೊಳ್ಳುವ ದಾರಿ ಇಲ್ಲ. ಎಫ್ ಸ್ಕೇಲ್, ಹನ್ನೆರಡು ಬಾರ್: ಎಫ್7 ನಾಲ್ಕು ಬಾರ್, ಬಿ ಫ್ಲಾಟ್7 ಎರಡು, ಮತ್ತೆ ಎಫ್7 ಎರಡು, ಸಿ7 ಒಂದು, ಬಿ ಫ್ಲಾಟ್7 ಒಂದು, ಎಫ್7 ಎರಡು. ಮರಳಿ ಮೊದಲಿಗೆ ಹೋಗುವಾಗ ಹನ್ನೆರಡನೆಯ ಬಾರ್‌ನಲ್ಲಿ ಸಿ7 ಹಾಕಬಹುದು.

ಗಿಟಾರ್‌ನಲ್ಲಿ ಎಫ್7 ಮೊದಲ ಫ್ರೆಟ್‌ನ ಬಾರ್ ಕಾರ್ಡ್. ಸಿ7ಕ್ಕೆ ಬದಲು ಸಿ9 ಹಿಡಿಯಿರಿ: ಐದನೇ ತಂತಿ 3, ನಾಲ್ಕನೇ ತಂತಿ 2, ಮೂರನೇ ತಂತಿ 3, ಎರಡನೇ ತಂತಿ 3. ಅದೇ ಆಕಾರವನ್ನು ಎರಡು ಫ್ರೆಟ್ ಕೆಳಗೆ ತಂದರೆ ನಾಲ್ಕನೇ ತಂತಿ ಖಾಲಿಯಾಗಿ ಬಿ ಫ್ಲಾಟ್9 ಆಗುತ್ತದೆ. ತಂತಿ ಮೀಟಿದ ತಕ್ಷಣ ಎಡಗೈ ಬೆರಳು ಸಡಿಲಿಸಿ ನಾದ ಕತ್ತರಿಸಿ. ಉದ್ದಕ್ಕೆ ಬಿಟ್ಟರೆ ಬಾಸ್ ಮತ್ತು ಸ್ನೇರ್ ಡ್ರಮ್ ಎರಡನ್ನೂ ಗಿಟಾರ್ ನುಂಗುತ್ತದೆ.

ಬಾಸ್ ನಾಲ್ಕು ಎಣಿಕೆಗೆ ನಾಲ್ಕು ಸ್ವರ ಹಾಕಲಿ: ಎಫ್, ಎ, ಸಿ, ಡಿ. ಡ್ರಮ್ಸ್‌ನಲ್ಲಿ ಬಲಗೈ ಸಿಂಬಲ್ ಮೇಲೆ ‘ತ–ಟ’, ಎಡಗೈ ಎರಡು-ನಾಲ್ಕಕ್ಕೆ ಸ್ನೇರ್. ಕಿಕ್ ಡ್ರಮ್ ನಾಲ್ಕೂ ಎಣಿಕೆಗೆ ಬೀಳಲಿ, ಆದರೆ ಇದೆ ಎಂದು ಅನ್ನಿಸುವಷ್ಟು ಮೆಲ್ಲಗೆ. ಇಂದಿನ ಡ್ರಮ್ಸ್ ವಾದಕರು ರೂಢಿಯಿಂದ ಒಂದು ಮತ್ತು ಮೂರಕ್ಕೆ ಕಿಕ್ ಗುದ್ದುತ್ತಾರೆ. ಆಗ ಷಫಲ್ ತೇಲುವ ಬದಲು ಕುಂಟುತ್ತದೆ.

ಮೂಲದಲ್ಲಿ ಮೊದಲ ಭಾಗ ಬಿಲ್ಲಿ ಬಟ್ಲರ್‌ನ ಗಿಟಾರಿನದು, ಎರಡನೆಯ ಭಾಗ ಕ್ಲಿಫರ್ಡ್ ಸ್ಕಾಟ್‌ನ ಟೆನರ್ ಸ್ಯಾಕ್ಸೊಫೋನಿನದು. ಬಟ್ಲರ್ ಎಲ್ಲೂ ಅವಸರ ಮಾಡುವುದಿಲ್ಲ. ಒಂದು ಸಾಲು ಹೇಳಿ ಖಾಲಿ ಬಿಡುತ್ತಾನೆ. ಆ ಖಾಲಿಯನ್ನು ತುಂಬದಿರುವುದೇ ಕಷ್ಟದ ಕೆಲಸ.

ಇದು ಕೈಗೆ ಬಂದ ಮೇಲೆ ‘ಷೇಕ್, ರಾಟಲ್ ಅಂಡ್ ರೋಲ್’ (ಜೋ ಟರ್ನರ್, 1954) ಸುಲಭ. ಇ ಫ್ಲಾಟ್ ಸ್ಕೇಲ್, ಅದೇ ಹನ್ನೆರಡು ಬಾರ್, ಎರಡು-ನಾಲ್ಕಕ್ಕೆ ಗಟ್ಟಿ ಚಪ್ಪಾಳೆ. ಲಾಯ್ಡ್ ಪ್ರೈಸ್‌ನ ‘ಲಾಡಿ ಮಿಸ್ ಕ್ಲಾಡಿ’ (1952) ಮಾತ್ರ ಎಂಟೇ ಬಾರ್, ಅದೂ ನಾಲ್ಕನೆಯ ಕಾರ್ಡಿನಿಂದ (ಸ್ಕೇಲಿನ ನಾಲ್ಕನೆಯ ಸ್ವರದ ಮೇಲಿನ ಕಾರ್ಡ್) ಆರಂಭ. ಎ ಫ್ಲಾಟ್‌ನಲ್ಲಾದರೆ ಡಿ ಫ್ಲಾಟ್ ಎರಡು ಬಾರ್, ಎ ಫ್ಲಾಟ್ ಎರಡು, ಇ ಫ್ಲಾಟ್ ಒಂದು, ಡಿ ಫ್ಲಾಟ್ ಒಂದು, ಎ ಫ್ಲಾಟ್ ಎರಡು. ಹನ್ನೆರಡು ಬಾರ್‌ಗೆ ಒಗ್ಗಿದ ಕೈ ಇಲ್ಲಿ ಮೊದಲ ಬಾರ್‌ನಲ್ಲೇ ತಪ್ಪುತ್ತದೆ. ಗಾಯಕ ಉಸಿರು ತೆಗೆದುಕೊಳ್ಳುವಾಗಲೇ ಎಲ್ಲರ ಬೆರಳು ಡಿ ಫ್ಲಾಟ್ ಮೇಲೆ ಇರಬೇಕು.

ಸ್ಕೇಲ್ ಬದಲಿಸುವ ಮುನ್ನ

ಎಫ್, ಬಿ ಫ್ಲಾಟ್, ಇ ಫ್ಲಾಟ್ ಅಂದಕೂಡಲೇ ಗಿಟಾರ್‌ನವರು ಎಲ್ಲವನ್ನೂ ಇ ಮತ್ತು ಎಗೆ ತರಲು ನೋಡುತ್ತಾರೆ. ಸ್ಯಾಕ್ಸೊಫೋನ್ ಇರುವ ಬ್ಯಾಂಡ್‌ನಲ್ಲಿ ಹಾಗೆ ಮಾಡಬೇಡಿ. ಸ್ಯಾಕ್ಸ್‌ನಲ್ಲಿ ಸ್ವರಗಳ ಹೆಸರು ಪಿಯಾನೋದಂತಲ್ಲ: ಟೆನರ್ ಸ್ಯಾಕ್ಸ್‌ಗೆ ಪಿಯಾನೋದ ಎಫ್ ಅಂದರೆ ಜಿ, ಬಿ ಫ್ಲಾಟ್ ಅಂದರೆ ಸಿ, ಇ ಫ್ಲಾಟ್ ಅಂದರೆ ಎಫ್. ಮೂರೂ ಸಲೀಸು. ಪಿಯಾನೋದ ಇ ಅಂದರೆ ಟೆನರ್‌ಗೆ ಎಫ್ ಶಾರ್ಪ್, ಆರು ಶಾರ್ಪ್‌ಗಳ ಸ್ಕೇಲ್. ಆಲ್ಟೋ ಅಥವಾ ಬ್ಯಾರಿಟೋನ್ ಇದ್ದರೆ ಎಫ್ ಅಂದರೆ ಡಿ, ಬಿ ಫ್ಲಾಟ್ ಅಂದರೆ ಜಿ. ರೂತ್ ಬ್ರೌನ್, ಎಟಾ ಜೇಮ್ಸ್, ಲವರ್ನ್ ಬೇಕರ್ ಅವರ ನಂಬರ್ ಒನ್ ಹಾಡುಗಳನ್ನು ನಿಮ್ಮ ಗಾಯಕಿಯ ಕಂಠಕ್ಕೆ ಹೊಂದಿಸುವಾಗಲೂ ಈ ಫ್ಲಾಟ್ ಸ್ಕೇಲ್‌ಗಳಲ್ಲೇ ಒಂದನ್ನು ಆರಿಸಿ.

ಟ್ರಿಪ್ಲೆಟ್: ‘ಬ್ಲೂಬೆರಿ ಹಿಲ್’

ಈ ಹಾಡು ಹುಟ್ಟಿದ್ದು 1940ರಲ್ಲಿ. ಡಾಮಿನೋ ಅದನ್ನು 1956ರಲ್ಲಿ ತನ್ನದಾಗಿಸಿಕೊಂಡ. ಹನ್ನೆರಡು ಬಾರ್ ಇಲ್ಲಿಲ್ಲ. ಬಿ ಫ್ಲಾಟ್‌ನಲ್ಲಿ ನುಡಿಸುವುದಾದರೆ ಇ ಫ್ಲಾಟ್, ಬಿ ಫ್ಲಾಟ್, ಎಫ್7, ಬಿ ಫ್ಲಾಟ್, ತಲಾ ಎರಡೆರಡು ಬಾರ್.

ಪಿಯಾನೋದ ಬಲಗೈ ಹಾಡಿನುದ್ದಕ್ಕೂ ತಕಿಟ ತಕಿಟ ಎಂದು ಕಾರ್ಡ್ ಬಡಿಯುತ್ತಿರಬೇಕು. ಮೊದಲ ಸಲ ನುಡಿಸುವವರ ಮುಂಗೈ ಎರಡನೆಯ ಚರಣಕ್ಕೇ ಸೆಟೆದು ಹೋಗುತ್ತದೆ, ಜತೆಗೆ ಕಾಲಪ್ರಮಾಣ ಓಡತೊಡಗುತ್ತದೆ. ಮೂರು ಉಪಾಯಗಳಿವೆ. ಒಂದು, ಕಾರ್ಡಿನ ಮೂಲಸ್ವರವನ್ನು ಬಾಸ್ ನುಡಿಸುತ್ತಿರುವುದರಿಂದ ಬಲಗೈಯಿಂದ ಅದನ್ನು ತೆಗೆಯಿರಿ. ಬಿ ಫ್ಲಾಟ್‌ಗೆ ಡಿ, ಎಫ್ ಎರಡೇ ಸಾಕು, ಬೇಕಿದ್ದರೆ ಮೇಲೊಂದು ಜಿ. ಎರಡು, ಬೆರಳನ್ನು ಕೀಲಿಯಿಂದ ಮೇಲೆತ್ತಬೇಡಿ. ಕೀಲಿ ಅರ್ಧ ಏಳುತ್ತಿದ್ದಂತೆ ಮತ್ತೆ ಒತ್ತಿ. ಚಲನೆ ಮಣಿಕಟ್ಟಿನಿಂದ ಬರಲಿ, ಮೊಣಕೈಯಿಂದ ಬೇಡ. ಮೂರು, ‘ತ’ಗೆ ಮಾತ್ರ ಒತ್ತು, ‘ಕಿಟ’ ಮೆಲ್ಲಗೆ. ಮೂರಕ್ಕೂ ಸಮ ಒತ್ತು ಕೊಟ್ಟರೆ ಹೊಲಿಗೆ ಯಂತ್ರದ ಸದ್ದಾಗುತ್ತದೆ.

ಎಡಗೈ, ಬಾಸ್, ಗಿಟಾರ್, ಸ್ಯಾಕ್ಸ್ ನಾಲ್ಕೂ ಕೆಳಗಿನ ಸಾಲನ್ನು ಒಟ್ಟಿಗೆ ನುಡಿಸುವುದು ಡಾಮಿನೋ ಜತೆ ನುಡಿಸಿದ ನ್ಯೂ ಆರ್ಲಿಯನ್ಸ್‌ನ ಡೇವ್ ಬಾರ್ಥೊಲೊಮ್ಯೂ ತಂಡದ ಪದ್ಧತಿ. ಬ್ಯಾಂಡ್ ಚಿಕ್ಕದಾದರೂ ನೆಲ ಗಟ್ಟಿಯಾಗುವುದು ಇದರಿಂದಲೇ. ಗಿಟಾರ್ ಇಲ್ಲಿ ಕಾರ್ಡ್ ನುಡಿಸುವುದನ್ನು ಪೂರ್ತಿ ಬಿಟ್ಟು ಬಾಸ್ ಸಾಲನ್ನು ಒಂದು ಸ್ಥಾಯಿ ಮೇಲೆ, ಅಂಗೈ ತುದಿಯಿಂದ ತಂತಿ ಒತ್ತಿ ಮೊಂಡಾಗಿ ನುಡಿಸಲಿ. ಗಿಟಾರ್‌ನವರು ಇದಕ್ಕೆ ಒಪ್ಪುವುದು ಕಷ್ಟ, ಆದರೆ ಒಮ್ಮೆ ನುಡಿಸಿ ರೆಕಾರ್ಡ್ ಮಾಡಿ ಕೇಳಿಸಿದರೆ ವಾದ ಮುಗಿಯುತ್ತದೆ.

ನೇರ ನಡೆ, ಮತ್ತು ಎರಡರ ನಡುವಿನ ಸಂದು

ನ್ಯೂ ಆರ್ಲಿಯನ್ಸ್‌ನ ಕೊಸಿಮೊ ಮಟಾಸಾ ಅವರ ಜೆ ಅಂಡ್ ಎಂ ಸ್ಟುಡಿಯೋದಲ್ಲಿ ಡ್ರಮ್ಸ್ ನುಡಿಸುತ್ತಿದ್ದವರು ಅರ್ಲ್ ಪಾಮರ್. ಲಿಟಲ್ ರಿಚರ್ಡ್ ಬಲಗೈಯಲ್ಲಿ ಪಿಯಾನೋವನ್ನು ಸಮವಾಗಿ ‘ತಕತಕ’ ಎಂದು ಬಡಿಯುತ್ತಿದ್ದಾಗ ಷಫಲ್ ಅದಕ್ಕೆ ಹೊಂದಲಿಲ್ಲ, ಹಾಗಾಗಿ ತಾನೂ ನೇರ ನಡೆಗೆ ಬಂದೆ ಎಂದು ಪಾಮರ್ ಮುಂದೆ ಹೇಳಿದ್ದಾರೆ. ‘ಲಾಂಗ್ ಟಾಲ್ ಸ್ಯಾಲಿ’ (1956) ಕೇಳಿ: ಪಿಯಾನೋ ನೇರವಾಗಿದೆ, ಡ್ರಮ್ಸ್‌ನಲ್ಲಿ ಷಫಲ್‌ನ ವಾಸನೆ ಇನ್ನೂ ಉಳಿದಿದೆ. ‘ಲೂಸಿಲ್’ (1957) ಹೊತ್ತಿಗೆ ಎಲ್ಲರೂ ನೇರ. ರಾಕ್‌ನ ಡ್ರಮ್ಸ್ ಹುಟ್ಟುತ್ತಿರುವುದು ಈ ಎರಡರ ನಡುವೆ ಕಿವಿಗೇ ಕೇಳಿಸುತ್ತದೆ.

ಕಲಿಯುವಾಗ ಮೊದಲು ‘ಲೂಸಿಲ್’ ಹಿಡಿಯಿರಿ, ಸಿ ಸ್ಕೇಲ್. ಬಾಸ್, ಗಿಟಾರ್, ಸ್ಯಾಕ್ಸ್ ಒಂದೇ ರಿಫ್ (ಮರಳಿ ಮರಳಿ ಬರುವ ಚಿಕ್ಕ ಸಾಲು) ನುಡಿಸುತ್ತವೆ. ಬಾಸ್ ಗಿಟಾರ್ ಆದರೆ ಫ್ಲಾಟ್‌ವೌಂಡ್ (ನುಣುಪು ಮೈಯ) ತಂತಿ ಹಾಕಿ, ಬ್ರಿಜ್ ಹತ್ತಿರ ತಂತಿಗಳ ಕೆಳಗೆ ಸ್ಪಂಜಿನ ತುಂಡು ಸಿಕ್ಕಿಸಿ, ಟೋನ್ ನಾಬ್ ಅರ್ಧಕ್ಕಿಂತ ಕೆಳಗಿಡಿ. ಸ್ವರ ಗುಂಡಗೆ ಬಂದು ತಟ್ಟನೆ ಸಾಯಬೇಕು.

ನಡುವಿನ ಸಂದು ಹಿಡಿಯಲು ಚಕ್ ಬೆರಿಯ ‘ಸ್ವೀಟ್ ಲಿಟಲ್ ಸಿಕ್ಸ್‌ಟೀನ್’ (1958). ಬೆರಿಯ ಗಿಟಾರ್ ನೇರ, ಫ್ರೆಡ್ ಬಿಲೋ ಡ್ರಮ್ಸ್ ತೂಗಾಡುತ್ತದೆ. ಇದನ್ನು ಅಳೆದು ಹೇಳಬಹುದು. ಮೆಟ್ರೋನೋಮ್ 150ರಲ್ಲಿ ಒಂದು ಎಣಿಕೆ 0.4 ಸೆಕೆಂಡ್. ನೇರ ನಡೆಯಲ್ಲಿ ಎರಡನೆಯ ಪೆಟ್ಟು 0.2ಕ್ಕೆ ಬೀಳುತ್ತದೆ, ಪೂರ್ಣ ಷಫಲ್‌ನಲ್ಲಿ ಸುಮಾರು 0.27ಕ್ಕೆ. ಸಂದು ಇರುವುದು 0.23ರ ಆಸುಪಾಸಿನಲ್ಲಿ. ಡ್ರಮ್ ಆ್ಯಪ್‌ನಲ್ಲಿ ಸ್ವಿಂಗ್ ಶೇಕಡಾ ಇದ್ದರೆ 50 ನೇರ, 66 ಷಫಲ್. 57ಕ್ಕೆ ಇಟ್ಟು ಐದು ನಿಮಿಷ ಬರೀ ಕೇಳಿ, ಆಮೇಲೆ ಆ್ಯಪ್ ನಿಲ್ಲಿಸಿ ಕೈಯಿಂದ ನುಡಿಸಿ. ಈ ಒಂದು ಕಡೆ ಮಾತ್ರ ಯಂತ್ರದ ಸಹಾಯ ಒಳ್ಳೆಯದು. ವೇಗ 180 ದಾಟಿದ ಮೇಲೆ ಷಫಲ್‌ನ ಕೊನೆಯ ಪೆಟ್ಟಿಗೂ ಮುಂದಿನ ಎಣಿಕೆಗೂ 0.11 ಸೆಕೆಂಡ್ ಅಂತರವಷ್ಟೇ ಉಳಿಯುತ್ತದೆ, ಕೈ ತಾನಾಗಿ ನೇರದ ಕಡೆ ವಾಲುತ್ತದೆ. ಅದನ್ನು ತಡೆಯಬೇಡಿ.

‘ರಿಪ್ ಇಟ್ ಅಪ್’ (1956) ಥರದ ಹಾಡುಗಳಲ್ಲಿ ಚರಣದ ಆರಂಭಕ್ಕೆ ಬ್ಯಾಂಡ್ ಒಂದು ಪೆಟ್ಟು ಕೊಟ್ಟು ನಿಲ್ಲುತ್ತದೆ, ಗಾಯಕ ಒಬ್ಬನೇ ಹಾಡುತ್ತಾನೆ. ಮೌನ ನಿಜಕ್ಕಿಂತ ಉದ್ದ ಅನ್ನಿಸುವುದರಿಂದ ಎಲ್ಲರೂ ಬೇಗ ಒಳಬರುತ್ತಾರೆ. ತಾಲೀಮಿನಲ್ಲಿ ಡ್ರಮ್ಸ್ ವಾದಕ ಎಡಗಾಲಿನಿಂದ ಹೈ-ಹ್ಯಾಟ್ ಅನ್ನು ಎರಡು-ನಾಲ್ಕಕ್ಕೆ ಮುಚ್ಚುತ್ತಿರಲಿ. ಎಡವದೆ ಬಂದ ಮೇಲೆ ಅದನ್ನೂ ನಿಲ್ಲಿಸಿ.

ಬೋ ಡಿಡ್ಲಿ

ಗಾಯಕನ ಹೆಸರನ್ನೇ ಹೊತ್ತ, ಹೆಚ್ಚುಕಡಿಮೆ ಒಂದೇ ಕಾರ್ಡಿನ ಈ ಹಾಡು 1955ರಲ್ಲಿ ನಂಬರ್ ಒನ್ ಆದದ್ದು ತಾಳದ ಬಲದಿಂದ. ನಾಲ್ಕು ‘ತಕದಿಮಿ’ಗಳ ಹದಿನಾರು ಅಕ್ಷರದಲ್ಲಿ 1, 4, 7, 11, 13ಕ್ಕೆ ಪೆಟ್ಟು; ಅಂದರೆ 3, 3, 4, 2, 4 ಎಂಬ ಕಟ್ಟು. ಈ ಐದೇ ಪೆಟ್ಟು ನುಡಿಸಿದರೆ ಹಾಡು ಒಣಗಿಹೋಗುತ್ತದೆ. ಗಿಟಾರ್‌ನ ಬಲಗೈ ಹದಿನಾರನ್ನೂ ಮೇಲೆ ಕೆಳಗೆ ಆಡುತ್ತಿರಬೇಕು, ಎಡಗೈ ಒತ್ತಿದಾಗ ಮಾತ್ರ ಆ ಐದು ಮೊಳಗಬೇಕು, ಉಳಿದವು ಬರೀ ತಂತಿಯ ಖರಖರ. ಜೆರೋಮ್ ಗ್ರೀನ್‌ನ ಮರಾಕಾಸ್ ಇಲ್ಲದೆ ಇದನ್ನು ನುಡಿಸಲು ಹೊರಡಬೇಡಿ. ಸಿಂಬಲ್ ಆ ಜಾಗ ತುಂಬುವುದಿಲ್ಲ. ಆ್ಯಂಪ್‌ನಲ್ಲಿ ಟ್ರೆಮೊಲೊ (ಸದ್ದನ್ನು ಏರಿಳಿಸಿ ನಡುಗಿಸುವ ಸೌಲಭ್ಯ) ಇದ್ದರೆ ಅದರ ವೇಗವನ್ನು ಕಾಲಪ್ರಮಾಣಕ್ಕೆ ಹೊಂದಿಸಿ, ಇಲ್ಲದಿದ್ದರೆ ಎರಡು ತಾಳ ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ.

ಸದ್ದು

ಆ ಕಾಲದ ಸ್ಟುಡಿಯೋಗಳಲ್ಲಿ ಮೈಕ್ ಕೆಲವೇ. ಯಾರು ಎಲ್ಲಿ ನಿಲ್ಲುತ್ತಾರೆ ಎಂಬುದೇ ಮಿಕ್ಸಿಂಗ್. ನೀವೂ ಕೋಣೆಯಲ್ಲಿ ಹಾಗೇ ಮಾಡಿ. ಗಾಯಕರಿಗೊಂದು ಮೈಕ್, ಪಿಯಾನೋ ಬಳಿ ಒಂದು. ಡ್ರಮ್ಸ್ ಎದುರು ಮೂಲೆಗೆ ಹೋಗಲಿ, ಸ್ನೇರ್ ಮೇಲೆ ಮಡಿಸಿದ ಕರವಸ್ತ್ರ. ಸ್ಯಾಕ್ಸ್ ತನ್ನ ಹನ್ನೆರಡು ಬಾರ್ ಬಂದಾಗ ಎರಡು ಹೆಜ್ಜೆ ಮುಂದೆ ಬಂದು ಮತ್ತೆ ಹಿಂದೆ ಸರಿಯಲಿ. ಸ್ಯಾಕ್ಸ್‌ನ ಆ ಗೊರಗೊರ ಬೇಕಾದರೆ ಊದುತ್ತಲೇ ಗಂಟಲಲ್ಲಿ ಒಂದು ಸ್ವರ ಗುನುಗಬೇಕು. 1951ರ ‘ರಾಕೆಟ್ 88’ರಲ್ಲಿ ಗಿಟಾರ್ ಕರಕರ ಎನ್ನುವುದಕ್ಕೆ ಕಾರಣ ಗಿಟಾರ್ ವಾದಕ ವಿಲ್ಲಿ ಕೈಜಾರ್ಟ್‌ನ ಪೆಟ್ಟಾದ ಆ್ಯಂಪ್, ಅದರೊಳಗೆ ತುರುಕಿದ ಕಾಗದ. ನಿಮ್ಮ ಸ್ಪೀಕರ್‌ಗೆ ಕಾಗದ ತುರುಕುವ ಅಗತ್ಯವಿಲ್ಲ. ಚಿಕ್ಕ ಆ್ಯಂಪ್ ಅಥವಾ ಓವರ್‌ಡ್ರೈವ್ ಪೆಡಲ್‌ನಲ್ಲಿ ಗೇನ್ ಕಾಲು ಭಾಗ ಏರಿಸಿ ಕೆಳಗಿನ ಎರಡು ತಂತಿಗಳಲ್ಲಿ ಬಾಸ್ ಸಾಲು ನುಡಿಸಿ.

ಕೊನೆಗೆ ಇಟ್ಟುಕೊಳ್ಳಬೇಕಾದ್ದು

ರೇ ಚಾರ್ಲ್ಸ್‌ನ ‘ವಾಟ್ಡ್ ಐ ಸೇ’ (1959) ಕಾರ್ಯಕ್ರಮದ ಕಡೆಯ ಹಾಡಾಗಲಿ. ಇ ಸ್ಕೇಲ್, ಹನ್ನೆರಡು ಬಾರ್, ಲ್ಯಾಟಿನ್ ಛಾಯೆಯ ನೇರ ನಡೆ. ಕೀಬೋರ್ಡಿನಲ್ಲಿ ಗ್ರ್ಯಾಂಡ್ ಪಿಯಾನೋ ಬಿಟ್ಟು ವುರ್ಲಿಟ್ಜರ್ ಎಲೆಕ್ಟ್ರಿಕ್ ಪಿಯಾನೋ ಸದ್ದು ಆರಿಸಿ. ಎಡಗೈ ರಿಫ್ ಒಂದನ್ನೇ ಎರಡು ವಾರ ಬೇರೆಯಾಗಿ ಅಭ್ಯಾಸ ಮಾಡಿ, ಬಲಗೈ ಸೇರಿದಾಗ ಅದು ಒಂದಿಷ್ಟೂ ಅಲುಗಬಾರದು. ಡ್ರಮ್ಸ್ ಇಲ್ಲಿ ಸ್ನೇರ್‌ಗಿಂತ ಟಾಮ್‌ಗಳ ಮೇಲೆ ಹೆಚ್ಚು ಓಡಾಡಲಿ. ಟೆನರ್ ಸ್ಯಾಕ್ಸ್‌ಗೆ ಎಫ್ ಶಾರ್ಪ್‌ನ ಕಾಟ ಇರುವುದರಿಂದ ಅವರ ಚುಟುಕು ಸಾಲುಗಳನ್ನು ವಾರ ಮೊದಲೇ ಬರೆದುಕೊಡಿ.

ಆರು ನಿಮಿಷ ದಾಟುವ ಹಾಡಾದ್ದರಿಂದ ಮೂಲವನ್ನು ಎರಡು ಭಾಗ ಮಾಡಿ ರೆಕಾರ್ಡಿನ ಎರಡು ಬದಿಗೆ ಹಾಕಿದ್ದರು. ಹಾಡು ನಿಂತೇಹೋಯಿತು ಅನ್ನಿಸಿ ಮತ್ತೆ ಏಳುವ ಜಾಗದಲ್ಲಿ ಬ್ಯಾಂಡ್ ಕುಸಿಯುವುದು ಹೆಚ್ಚು. ನಿಲ್ಲಿಸುವ ಸನ್ನೆ ಡ್ರಮ್ಸ್‌ನವರದು, ಮತ್ತೆ ಎಬ್ಬಿಸುವ ಸನ್ನೆ ಪಿಯಾನೋದ ಎಡಗೈಯದು ಎಂದು ಮೊದಲೇ ಹಂಚಿಕೊಳ್ಳಿ. ಪಿಯಾನೋ ಒಂದೇ ಪೂರ್ತಿ ಹನ್ನೆರಡು ಬಾರ್ ನುಡಿಸಲಿ, ಬಾಸ್ ಮತ್ತು ಡ್ರಮ್ಸ್ ಅದರ ನಂತರ ಸೇರಲಿ. ಗಾಯಕ ಕೂಗಿ ಹಿಂದಿನವರು ಓಗೊಡುವ ಭಾಗಕ್ಕೆ ಎರಡು ಮೂರು ದನಿ ಬೇಕೇಬೇಕು, ಓಗೊಡುವವರು ಕೂಗಿದ್ದಕ್ಕಿಂತ ಒಂದು ಎಳೆಯೂ ಜೋರಾಗದೆ ಅದೇ ಉದ್ದಕ್ಕೆ ಉತ್ತರಿಸಬೇಕು. ಕೂಗು ಪ್ರತಿ ಸುತ್ತಿಗೆ ಮೆಲ್ಲಗಾಗುತ್ತ ಹೋದರೆ ಬ್ಯಾಂಡ್ ಕೂಡ ಅಷ್ಟೇ ಇಳಿಯಬೇಕು, ವೇಗ ಮಾತ್ರ ಇಳಿಯಬಾರದು. ಮೆಲ್ಲಗಾದಾಗ ನಿಧಾನವಾಗುವ ಚಾಳಿಗೆ ಮದ್ದು, ಆ ಭಾಗವನ್ನು ಮೆಟ್ರೋನೋಮ್ ಜತೆ ಪಿಸುಮಾತಿನಷ್ಟು ಸದ್ದಿನಲ್ಲಿ ಹತ್ತು ಸುತ್ತು ನುಡಿಸುವುದು.